ಲಾರಿಗೆ ದಾರಿ ಹುಡುಕುವುದು ಹೇಗೆ? ಮೊಬೈಲ್ ಮ್ಯಾಪನ್ನು ಎಷ್ಟು ನಂಬಬಹುದು?

ಹೊಸ ಸ್ಟೇರಿಂಗ್:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಚಿಕ್ಕ ಗೂಡ್ಸ್ ಗಾಡಿ ಓಡಿಸುತ್ತಿದ್ದೆ, ಈಗ ದೊಡ್ಡ ಟ್ರೇಲರ್ ಕೈಗೆ ಬಂದಿದೆ. ಓಡಿಸುವುದರ ಬಗ್ಗೆ ಭಯವಿಲ್ಲ, ದಾರಿಯ ಬಗ್ಗೆ ಇದೆ. ಚಿಕ್ಕ ಗಾಡಿಯಲ್ಲಿ ದಾರಿ ತಪ್ಪಿದರೆ ಪಕ್ಕಕ್ಕೆ ಹಾಕಿ ತಿರುಗಿಸಿಕೊಂಡು ಬರಬಹುದಿತ್ತು. ಇದರಲ್ಲಿ ತಪ್ಪು ರಸ್ತೆಗೆ ಮೂತಿ ಹಾಕಿದರೆ ವಾಪಸ್ ಬರುವುದು ಸುಲಭವಲ್ಲ ಅಂತ ಗೊತ್ತು. ಆಫೀಸಿನವರು ವಾಟ್ಸ್ಆ್ಯಪ್‌ನಲ್ಲಿ ಒಂದು ಲೊಕೇಶನ್ ಕಳಿಸಿ ಹೊರಡು ಅನ್ನುತ್ತಾರೆ. ಅದನ್ನು ಒತ್ತಿದರೆ ಗೂಗಲ್ ಮ್ಯಾಪ್ಸ್ ಒಂದು ನೀಲಿ ಗೆರೆ ತೋರಿಸುತ್ತದೆ. ಆ ಗೆರೆಯನ್ನು ಎಷ್ಟು ನಂಬಬೇಕು? ಲಾರಿಗೇ ಅಂತ ಬರುವ ಜಿಪಿಎಸ್ ತಗೊಳ್ಳಬೇಕಾ? ಹೊರಡುವ ಮುಂಚೆ ನೀವೆಲ್ಲ ನಿಜವಾಗಿ ಏನೇನು ನೋಡಿಕೊಳ್ಳುತ್ತೀರಿ ಅಂತ ಬಿಡಿಸಿ ಹೇಳಿ.

ದೂರದಾರಿ:
ತಮ್ಮಾ, ಒಳ್ಳೆ ಪ್ರಶ್ನೆ. ಮೊದಲು ಒಂದು ವಿಷಯ ಚೆನ್ನಾಗಿ ತಿಳಿದುಕೋ. ಆ ನೀಲಿ ಗೆರೆ ಕಾರಿಗೆ ಹಾಕಿದ ಗೆರೆ. ಗೂಗಲ್ ಮ್ಯಾಪ್ಸ್‌ನಲ್ಲಿ ಕಾರು ಇದೆ, ಬಸ್ಸು ರೈಲು ಇದೆ, ಸೈಕಲ್ ಇದೆ, ನಡೆದು ಹೋಗುವವರಿಗೂ ಇದೆ. ಲಾರಿ ಇಲ್ಲ. ನಿನ್ನ ಗಾಡಿ ಎಷ್ಟು ಎತ್ತರ, ಎಷ್ಟು ಉದ್ದ, ಲೋಡ್ ಸೇರಿ ಎಷ್ಟು ಟನ್ ಅಂತ ಹೇಳುವ ಜಾಗವೇ ಅದರಲ್ಲಿ ಇಲ್ಲ. ಹಾಗಿರುವಾಗ ನಾಲ್ಕು ನಿಮಿಷ ಉಳಿಯುತ್ತದೆ ಅಂತ ಅದು ಊರೊಳಗಿನ ಗಲ್ಲಿಗೆ ಕಳಿಸಿದರೆ ಅದರ ಲೆಕ್ಕದಲ್ಲಿ ಅದು ಸರಿಯೇ.

ಹಾಗಂತ ಬಿಸಾಕಬೇಡ. ಟ್ರಾಫಿಕ್ ನೋಡುವುದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನಾನು ಮಾಡುವುದು ಹೀಗೆ. ಹಿಂದಿನ ರಾತ್ರಿ ಕೂತು ಪೂರ್ತಿ ದಾರಿಯನ್ನು ಬೆರಳಲ್ಲಿ ದೊಡ್ಡದು ಮಾಡಿಕೊಂಡು ನೋಡುತ್ತೇನೆ. ಹೆದ್ದಾರಿ ಮೇಲಿನ ಭಾಗವನ್ನು ಬೇಗ ದಾಟಿಸುತ್ತೇನೆ, ಅಲ್ಲಿ ಅಷ್ಟು ತೊಂದರೆ ಇರುವುದಿಲ್ಲ. ಹೆದ್ದಾರಿ ಬಿಟ್ಟು ಇಳಿಯುವ ಜಾಗದಿಂದ ಗೇಟಿನವರೆಗೆ ಮಾತ್ರ ಸ್ಯಾಟಲೈಟ್ ಚಿತ್ರ ಹಾಕಿ ನಿಧಾನಕ್ಕೆ ನೋಡುತ್ತೇನೆ. ನಮ್ಮ ಕಷ್ಟವೆಲ್ಲ ಇರುವುದು ಆ ಕೊನೆಯ ಕೆಲವು ಕಿಲೋಮೀಟರಿನಲ್ಲಿ.

ಸ್ಯಾಟಲೈಟ್ ಚಿತ್ರದಲ್ಲಿ ಏನು ನೋಡಬೇಕು ಅಂದರೆ, ಗೇಟಿನ ಒಳಗೆ ಉದ್ದ ಗಾಡಿಗಳು ನಿಂತಿವೆಯಾ? ನಿಂತಿದ್ದರೆ ಅವು ಹೋಗಿರುವ ದಾರಿ ಒಂದು ಇದ್ದೇ ಇರುತ್ತದೆ. ಗೇಟಿನ ಮುಂದೆ ರಸ್ತೆ ಮೇಲೆ ಕಪ್ಪಗೆ ಬಾಗಿದ ಟೈರ್ ಗುರುತು ಕಾಣುತ್ತದಾ ನೋಡು, ಯಾವ ಕಡೆಯಿಂದ ಬಂದು ತಿರುಗಿಸುತ್ತಾರೆ ಅಂತ ಅದೇ ಹೇಳುತ್ತದೆ. ಮ್ಯಾಪ್ ಮೇಲೆ ಒತ್ತಿ ಹಿಡಿದರೆ ದೂರ ಅಳೆಯುವ ಆಯ್ಕೆ ಬರುತ್ತದೆ. ಅದರಿಂದ ರಸ್ತೆ ಎಷ್ಟು ಅಗಲ, ಗೇಟಿನ ಮುಂದೆ ಎಷ್ಟು ಜಾಗ ಅಂತ ಅಳೆದು ನೋಡಬಹುದು. ಒಂದೆರಡು ಮೀಟರ್ ಹೆಚ್ಚುಕಡಿಮೆ ಆದರೂ ಹದಿನಾರು ಮೀಟರ್ ಗಾಡಿ ತಿರುಗುತ್ತದೋ ಇಲ್ಲವೋ ಅನ್ನುವ ಅಂದಾಜು ಸಿಗುತ್ತದೆ. ಚಿತ್ರ ಹಳೆಯದಿರಬಹುದು, ಅದೊಂದು ನೆನಪಿರಲಿ. ಸ್ಟ್ರೀಟ್ ವ್ಯೂ, ಅಂದರೆ ರಸ್ತೆ ಮೇಲಿಂದಲೇ ತೆಗೆದ ಫೋಟೋ ಇದ್ದರೆ ಯಾವ ವರ್ಷ ತೆಗೆದದ್ದು ಅಂತ ಅದರಲ್ಲೇ ಬರೆದಿರುತ್ತದೆ.

ಹಿಂದಿನ ಚಕ್ರ:
ದೂರದಾರಿ ಅಣ್ಣ ಹೇಳಿದ್ದು ಸರಿ. ಆದರೆ ಮ್ಯಾಪ್ ತೆಗೆಯುವ ಮುಂಚೆ ಟೇಪ್ ತೆಗೆಯಬೇಕು ಅಂತ ನಾನು ಹೇಳುತ್ತೇನೆ.

ನಿಮ್ಮ ಗಾಡಿ ಎತ್ತರ ಎಷ್ಟು ಅಂತ ಕೇಳಿದರೆ ಎಷ್ಟೋ ಡ್ರೈವರ್‌ಗಳು ಸುಮಾರು ಇಷ್ಟಿರಬಹುದು ಅನ್ನುತ್ತಾರೆ. ಸುಮಾರು ಅನ್ನುವುದು ಸೇತುವೆ ಕೆಳಗೆ ನಡೆಯುವುದಿಲ್ಲ. ಯುರೋಪಿನ ಬಹಳಷ್ಟು ದೇಶಗಳಲ್ಲಿ ಗಾಡಿ ಎತ್ತರದ ಮಿತಿ 4 ಮೀಟರ್. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ 13 ಅಡಿ 6 ಇಂಚು, ಅಂದರೆ 4.11 ಮೀಟರ್. ಅದು ಕಾನೂನಿನ ಮಿತಿ, ಇವತ್ತು ನೀವು ತುಂಬಿಕೊಂಡ ಲೋಡಿನ ಎತ್ತರ ಬೇರೆ. ತೆರೆದ ಗಾಡಿ ಆದರೆ ಟಾರ್ಪಾಲು ಕಟ್ಟಿದ ಮೇಲೆ ಅಳೆಯಿರಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಅತಿ ಎತ್ತರದ ಜಾಗದ ಮೇಲೆ ಒಂದು ನೇರ ಕೋಲು ಅಡ್ಡ ಇಟ್ಟು, ಕೋಲಿನ ತುದಿಯಿಂದ ನೆಲಕ್ಕೆ ಟೇಪ್ ಬಿಡಿ. ಬಂದ ಅಳತೆಯನ್ನು ಒಂದು ಚೀಟಿಯಲ್ಲಿ ಮೀಟರ್, ಅಡಿ ಎರಡರಲ್ಲೂ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಬೋರ್ಡಿನಲ್ಲಿ ಯಾವುದು ಬರೆದಿದ್ದರೂ ಆಗ ತಲೆಯಲ್ಲಿ ಲೆಕ್ಕ ಹಾಕಬೇಕಾಗಿಲ್ಲ.

ಇನ್ನೊಂದು, ಮುಚ್ಚಿದ ಬಾಡಿಯ ಗಾಡಿ ಆದರೆ ಖಾಲಿ ಇದ್ದಾಗ ಲೋಡ್ ಇದ್ದಾಗಿನಕ್ಕಿಂತ ಎತ್ತರ ಇರಬಹುದು. ಲೋಡ್ ಇಳಿಸಿದ ಮೇಲೆ ಸ್ಪ್ರಿಂಗ್ ಮೇಲೇಳುತ್ತದೆ. ಹೋಗುವಾಗ ದಾಟಿದ ಸೇತುವೆ ಬರುವಾಗ ತಗುಲುವುದು ಇದಕ್ಕೇ.

ಹೊಸ ಸ್ಟೇರಿಂಗ್:
ಖಾಲಿ ಗಾಡಿ ಎತ್ತರ ಜಾಸ್ತಿ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಬೋರ್ಡಿನಲ್ಲಿ 4.2 ಅಂತ ಬರೆದಿದ್ದು ನನ್ನ ಗಾಡಿ 4.1 ಇದ್ದರೆ ಹೋಗಬಹುದಲ್ವಾ?

ಹಿಂದಿನ ಚಕ್ರ:
ಲೆಕ್ಕದಲ್ಲಿ ಹೋಗಬಹುದು. ನಾನಾದರೆ ಕನಿಷ್ಠ ಒಂದು ಗೇಣು ಅಂತರ ಇಲ್ಲದೆ ಒಳಗೆ ಬಿಡುವುದಿಲ್ಲ. ಯಾಕೆ ಅಂದರೆ, ಬೋರ್ಡ್ ಹಾಕಿದ ಮೇಲೆ ರಸ್ತೆಗೆ ಇನ್ನೊಂದು ಪದರ ಡಾಂಬರು ಬಿದ್ದಿರಬಹುದು, ಬೋರ್ಡ್ ಹಳೆಯದೇ ಇರಬಹುದು. ಕಮಾನಿನ ಸೇತುವೆ ಆದರೆ ನಡುವೆ ಇರುವ ಎತ್ತರ ಪಕ್ಕದಲ್ಲಿ ಇರುವುದಿಲ್ಲ, ಎದುರಿನಿಂದ ಗಾಡಿ ಬಂದು ನೀವು ಪಕ್ಕಕ್ಕೆ ಸರಿದರೆ ಮೂಲೆ ತಗುಲುತ್ತದೆ.

ರೈಲ್ವೆ ಅಂಡರ್‌ಪಾಸಿನಲ್ಲಿ ಮತ್ತೊಂದು ಇದೆ. ರಸ್ತೆ ಕೆಳಗೆ ಇಳಿದು ಮತ್ತೆ ಏರುತ್ತದಲ್ಲ, ಉದ್ದ ಟ್ರೇಲರಿನ ಮುಂದಿನ ಚಕ್ರ ಆ ಕಡೆ ಏರಿನಲ್ಲಿ, ಹಿಂದಿನ ಚಕ್ರ ಈ ಕಡೆ ಇಳಿಜಾರಿನಲ್ಲಿ ಇರುವಾಗ ನಡುಭಾಗ ರಸ್ತೆಯಿಂದ ಮೇಲೆ ಉಳಿಯುತ್ತದೆ. ಚಿಕ್ಕ ಗಾಡಿ ದಾಟುವ ಅದೇ ಎತ್ತರಕ್ಕೆ ಉದ್ದ ಗಾಡಿಯ ನೆತ್ತಿ ತಗುಲುತ್ತದೆ. ಲೋಬೆಡ್ ಟ್ರೇಲರ್, ಅಂದರೆ ಹೊಟ್ಟೆ ನೆಲಕ್ಕೆ ಹತ್ತಿರ ಇರುವ ತಗ್ಗು ಟ್ರೇಲರ್ ಆದರೆ ಇದರ ಉಲ್ಟಾ. ರೈಲ್ವೆ ಗೇಟಿನ ದಿಬ್ಬದ ಮೇಲೆ ಹೊಟ್ಟೆ ಕೂತುಬಿಡುತ್ತದೆ. ಹಳಿ ಮೇಲೆ ಕೂತರೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ.

ಅಮೆರಿಕದ ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ ಒಂದು ರೈಲ್ವೆ ಸೇತುವೆ ಇದೆ. ಎತ್ತರ 11 ಅಡಿ 8 ಇಂಚು ಇತ್ತು. ಎತ್ತರ ಮೀರಿದ ಗಾಡಿ ಹತ್ತಿರ ಬಂದರೆ ಸೆನ್ಸರ್ ಹಿಡಿಯುತ್ತದೆ, ಸಿಗ್ನಲ್ ಕೆಂಪಾಗುತ್ತದೆ, ತಿರುಗಿಸಿಕೊಳ್ಳಿ ಅಂತ ದೀಪದ ಬೋರ್ಡ್ ಉರಿಯುತ್ತದೆ. ಅಷ್ಟಾದರೂ ಗಾಡಿಗಳು ಹೋಗಿ ಗುದ್ದಿ ಮೇಲ್ಛಾವಣಿ ಕಿತ್ತುಕೊಳ್ಳುತ್ತಿದ್ದವು. 2019ರಲ್ಲಿ ಸೇತುವೆಯನ್ನೇ 8 ಇಂಚು ಎತ್ತರಿಸಿ 12 ಅಡಿ 4 ಇಂಚು ಮಾಡಿದರು. ಆಮೇಲೂ ಗುದ್ದುವುದು ನಿಲ್ಲಲಿಲ್ಲ. ಬೋರ್ಡು, ದೀಪ ಎಲ್ಲ ಇದ್ದರೂ ತನ್ನ ಗಾಡಿ ಎತ್ತರ ತನಗೇ ಗೊತ್ತಿಲ್ಲದವನಿಗೆ ಅವು ಏನು ಹೇಳಿಯಾವು?

ನಕ್ಷೆಪ್ರಿಯ:
ಲಾರಿ ಜಿಪಿಎಸ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ಗಾರ್ಮಿನ್‌ನವರದ್ದು ಡೀಸಲ್ ಅನ್ನುವ ಹೆಸರಿನಲ್ಲಿ ಲಾರಿಗೇ ಅಂತ ಉಪಕರಣ ಇದೆ, ಮೊಬೈಲಿಗೆ ಸಿಜಿಕ್ ಟ್ರಕ್ ತರಹದ ಆ್ಯಪ್‌ಗಳಿವೆ. ಎತ್ತರ, ಅಗಲ, ಉದ್ದ, ತೂಕ, ಎಕ್ಸೆಲ್ ತೂಕ (ಚಕ್ರಗಳ ಒಂದು ಅಚ್ಚಿನ ಮೇಲೆ ಬೀಳುವ ತೂಕ), ಅಪಾಯಕಾರಿ ಸರಕು ಇದೆಯಾ, ಇಂಥವನ್ನೆಲ್ಲ ತುಂಬಿಸಿದರೆ ಅದಕ್ಕೆ ತಕ್ಕ ದಾರಿ ಹಾಕುತ್ತವೆ. ಕೊಳ್ಳುವ ಮುಂಚೆ ಒಂದೇ ಒಂದು ಪರೀಕ್ಷೆ ಮಾಡಿ. ನಿಮಗೆ ಚೆನ್ನಾಗಿ ಗೊತ್ತಿರುವ, ಎತ್ತರ ಕಡಿಮೆ ಇರುವ ಒಂದು ಸೇತುವೆಯ ಆಚೆಗೆ ಈಚೆಗೆ ಎರಡು ಜಾಗ ಹಾಕಿ ದಾರಿ ಕೇಳಿ. ಸುತ್ತು ಹಾಕಿ ಕಳಿಸಿದರೆ ಆ ಪ್ರದೇಶದ ಮಾಹಿತಿ ಅದರಲ್ಲಿ ಇದೆ. ಸೇತುವೆ ಕೆಳಗೇ ನುಗ್ಗಿಸಿದರೆ ಆ ಮಾಹಿತಿ ಅದರ ಹತ್ತಿರ ಇಲ್ಲ, ಆ ಕಡೆ ಓಡಾಡುವವರಿಗೆ ಅದು ಬರೀ ದುಬಾರಿ ಕಾರ್ ಮ್ಯಾಪ್.

ದುಡ್ಡು ಹಾಕುವುದು ಬೇಡ ಅಂದರೆ ಓಸ್ಮ್ಆ್ಯಂಡ್ ಅನ್ನುವ ಆ್ಯಪ್ ಇದೆ. ಅದರಲ್ಲಿ ಟ್ರಕ್ ಅನ್ನುವ ಪ್ರೊಫೈಲ್ ಸಿಗುತ್ತದೆ, ಅಳತೆ ತುಂಬಿಸಬಹುದು, ನಕ್ಷೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಡ. ಅದರ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದ್ದು. 2004ರಲ್ಲಿ ಶುರುವಾದದ್ದು, ಯಾರು ಬೇಕಾದರೂ ತಿದ್ದಬಹುದು. ರಸ್ತೆಯ ಎತ್ತರದ ಮಿತಿ, ತೂಕದ ಮಿತಿ, ಲಾರಿಗೆ ಪ್ರವೇಶ ಇದೆಯೋ ಇಲ್ಲವೋ ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಗುರುತು ಉಂಟು. ಯಾರೋ ಒಬ್ಬರು ಹೋಗಿ ನೋಡಿ ಸೇರಿಸಿದ್ದರೆ ಇರುತ್ತದೆ, ಸೇರಿಸದಿದ್ದರೆ ಇಲ್ಲ. ನೀವೇ ಒಂದು ಸೇತುವೆ ಬೋರ್ಡ್ ನೋಡಿ ಬಂದು ಸೇರಿಸಿದರೆ ಮುಂದೆ ಬರುವ ಡ್ರೈವರಿಗೆ ಅದು ಸಿಗುತ್ತದೆ. ನನ್ನ ಕೈಲಾದಷ್ಟು ಸೇರಿಸುತ್ತಾ ಇದ್ದೇನೆ, ನೀವೂ ಸೇರಿಸಿ ಅಂತ ಮನಸಾರೆ ಕೇಳಿಕೊಳ್ಳುತ್ತೇನೆ. ಲಾರಿಯವರ ಕಣ್ಣಿಗೆ ಬೀಳುವುದು ಕಾರಿನವರ ಕಣ್ಣಿಗೆ ಬೀಳುವುದಿಲ್ಲ.

ರಾತ್ರಿ ಸವಾರಿ:
ಮ್ಯಾಪು, ಆ್ಯಪು, ಸ್ಯಾಟಲೈಟು ಎಲ್ಲ ಸರಿ ಸಾರ್. ನಮ್ಮ ಹಿರಿಯರು ಇದ್ಯಾವುದೂ ಇಲ್ಲದೆ ದೇಶವೆಲ್ಲ ಸುತ್ತಲಿಲ್ವಾ? ಎದುರಿಗೆ ಬಂದ ಲಾರಿಯವನನ್ನು ಕೇಳಿದರೆ ಒಂದು ಮಾತಿನಲ್ಲಿ ಮುಗಿಯುತ್ತದೆ. ಕೇಳಿಕೊಂಡು ಹೋಗುವುದೇ ಬೆಸ್ಟ್.

ದೂರದಾರಿ:
ಕೇಳಿಕೊಂಡು ಹೋಗುವುದು ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಅನ್ನುವುದರಲ್ಲಿ ಇದೆ ಎಲ್ಲ. ರಸ್ತೆ ಪಕ್ಕ ನಿಂತವರನ್ನು ‘ಈ ದಾರೀಲಿ ಹೋಗಬಹುದಾ?’ ಅಂತ ಕೇಳಿದರೆ ಹೋಗಬಹುದು ಅಂತಲೇ ಹೇಳುತ್ತಾರೆ. ಅವರು ಬೈಕಿನಲ್ಲಿ ಹೋಗುವವರು. ಸುಳ್ಳು ಹೇಳುತ್ತಿಲ್ಲ, ಅವರಿಗೆ ಹೋಗಬಹುದು. ಅದಕ್ಕೆ ‘ಇವತ್ತು ಬೆಳಗ್ಗೆಯಿಂದ ದೊಡ್ಡ ಲಾರಿ ಈ ಕಡೆ ಹೋಗಿದ್ದು ನೋಡಿದಿರಾ?’ ಅಂತ ಕೇಳಬೇಕು. ಬಸ್ ಓಡಾಡುತ್ತದಾ, ಎಷ್ಟು ದೊಡ್ಡ ಬಸ್ಸು, ಮುಂದೆ ಸೇತುವೆ ಇದೆಯಾ, ಕರೆಂಟ್ ತಂತಿ ಜೋತು ಬಿದ್ದಿದೆಯಾ, ಹೀಗೆ ಕಣ್ಣಿಂದ ನೋಡಿದ್ದನ್ನು ಕೇಳಬೇಕು.

ಎದುರಿಗೆ ಬಂದ ಲಾರಿಯವನಾದರೂ ಗಾಡಿ ನೋಡಿ ಕೇಳಿ. ಆರು ಚಕ್ರದವನು ಆರಾಮಾಗಿ ಹೋಗಬಹುದು ಅಂದದ್ದು ಟ್ರೇಲರಿಗೆ ಅನ್ವಯಿಸುವುದಿಲ್ಲ. ಲಾರಿ ತೂಕ ಹಾಕುವ ವೇಬ್ರಿಡ್ಜಿನವರು, ಟೈರ್ ಪಂಕ್ಚರ್ ಹಾಕುವವರು, ಇವರಿಗೆ ಸುತ್ತಮುತ್ತ ಯಾವ ಗಾಡಿ ಎಲ್ಲಿ ಸಿಕ್ಕಿಕೊಂಡಿತ್ತು ಅಂತ ಪೂರ್ತಿ ಗೊತ್ತಿರುತ್ತದೆ. ನನ್ನ ಮಟ್ಟಿಗೆ ಅವರ ಮಾತಿಗೆ ಬೆಲೆ ಜಾಸ್ತಿ. ಒಬ್ಬರನ್ನು ಕೇಳಿ ಸುಮ್ನಾಗದೆ ಸ್ವಲ್ಪ ಮುಂದೆ ಹೋಗಿ ಇನ್ನೊಬ್ಬರನ್ನು ಕೇಳಿ. ಇಬ್ಬರ ಮಾತೂ ಹೊಂದಿದರೆ ಹೋಗಿ.

ರಾತ್ರಿ ಸವಾರಿ:
ಇದು ಒಪ್ಪಿದೆ. ಆದರೆ ರಾತ್ರಿ ಎರಡು ಗಂಟೆಗೆ ಯಾರೂ ಸಿಗುವುದಿಲ್ಲ, ಅದಕ್ಕೆ ಹಗಲಿನಲ್ಲೇ ಫೋನ್ ಮಾಡಿಕೊಳ್ಳಬೇಕು ಅನ್ನುವುದನ್ನೂ ಸೇರಿಸಿ. ಇನ್ನೊಂದು, ಸೇರಬೇಕಾದ ಜಾಗಕ್ಕೆ ಫೋನ್ ಮಾಡಿದಾಗ ಆಫೀಸಿನಲ್ಲಿ ಕೂತವರ ಹತ್ತಿರ ಮಾತಾಡಿ ಇಡಬೇಡಿ. ಗೇಟಿನ ಸೆಕ್ಯೂರಿಟಿಯವರಿಗೆ ಕೊಡಿ ಅಂತ ಕೇಳಿ. ದಿನಾ ಲಾರಿ ಬರುವುದು ನೋಡುವವರು ಅವರೇ.

ಟ್ರಾನ್ಸ್‌ಪೋರ್ಟ್ ಆಫೀಸಿನಿಂದ:
ನಾನು ಲಾರಿ ಓಡಿಸುವವಳಲ್ಲ, ಲೋಡ್ ಹಂಚುವ ಕೆಲಸ ಮಾಡುತ್ತೇನೆ. ಲೊಕೇಶನ್ ಕಳಿಸುವ ಕಡೆಯಿಂದ ಏನೇನು ತಪ್ಪಾಗುತ್ತದೆ ಅಂತ ಹೇಳುತ್ತೇನೆ, ನಿಮಗೆ ಉಪಯೋಗ ಆದೀತು.

ಎಲ್ಲಕ್ಕಿಂತ ಜಾಸ್ತಿ ಆಗುವುದು ಇದು. ಗ್ರಾಹಕರಿಗೆ ಲೊಕೇಶನ್ ಕಳಿಸಿ ಅಂದರೆ ಅವರು ಕೂತಲ್ಲಿಂದಲೇ ‘ಈಗಿನ ಸ್ಥಳ’ ಒತ್ತಿ ಕಳಿಸುತ್ತಾರೆ. ಅವರು ಮನೆಯಲ್ಲಿದ್ದರೆ ಮನೆ ಬರುತ್ತದೆ, ಪೇಟೆಯೊಳಗಿನ ಆಫೀಸಿನಲ್ಲಿದ್ದರೆ ಆ ಆಫೀಸು ಬರುತ್ತದೆ. ಗೋಡೌನ್ ಇರುವುದು ಊರಾಚೆ. ಲೋಡ್ ಹೊತ್ತ ಗಾಡಿ ಪೇಟೆ ನಡುವೆ ಬಂದು ನಿಲ್ಲುತ್ತದೆ. ಅದಕ್ಕೆ ಪಿನ್ (ಮ್ಯಾಪ್ ಮೇಲಿನ ಲೊಕೇಶನ್ ಗುರುತು) ಬಂದ ತಕ್ಷಣ ಸ್ಯಾಟಲೈಟ್‌ನಲ್ಲಿ ತೆಗೆದು ನೋಡಿ, ದೊಡ್ಡ ಶೀಟಿನ ಛಾವಣಿ, ಅಂಗಳ ಕಾಣಬೇಕು. ಮನೆಗಳ ಮಧ್ಯೆ ಬಿದ್ದಿದ್ದರೆ ವಾಪಸ್ ಫೋನ್ ಮಾಡಿ ‘ಇದು ಲಾರಿ ಗೇಟಾ?’ ಅಂತ ಕೇಳಿ. ಗೋಡೌನ್ ಸರಿ ಇದ್ದರೂ ಪಿನ್ ಕಟ್ಟಡದ ನಡುವೆ ಬಿದ್ದಿದ್ದರೆ ಮ್ಯಾಪ್ ಹತ್ತಿರದ ರಸ್ತೆಗೆ ಕರೆದುಕೊಂಡು ಹೋಗುತ್ತದೆ. ಆ ರಸ್ತೆ ಹಿಂದಿನ ಕಾಂಪೌಂಡ್ ಗೋಡೆ ಕಡೆಯದ್ದು ಆಗಿರಬಹುದು. ಗೇಟಿನ ಮೇಲೇ ಪಿನ್ ಇಡಿಸಿಕೊಳ್ಳಿ.

ಎರಡನೆಯದು ಅಕ್ಷಾಂಶ ರೇಖಾಂಶ. ಕೆಲವು ಕಂಪನಿಗಳು ಕಾಗದದಲ್ಲಿ ಬರೀ ಅಂಕಿ ಬರೆದು ಕೊಡುತ್ತವೆ. 12 ಡಿಗ್ರಿ 30 ಮಿನಿಟ್ ಅಂದರೆ 12.50, ಅದನ್ನು 12.30 ಅಂತ ಹೊಡೆದರೆ ಉತ್ತರ ದಕ್ಷಿಣಕ್ಕೆ ಸುಮಾರು 22 ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ಒಂದು ಡಿಗ್ರಿಗೆ 60 ಮಿನಿಟ್ ಅಲ್ವಾ, ಅದು ಮರೆತೇ ಹೋಗಿರುತ್ತದೆ. ದಶಮಾಂಶ ಆದರೆ ಚುಕ್ಕಿ ಆದಮೇಲೆ ಐದು ಅಂಕಿ ಇರಲಿ, ಸುಮಾರು ಒಂದು ಮೀಟರಿನಷ್ಟು ನಿಖರ ಆಗುತ್ತದೆ. ಮೂರೇ ಅಂಕಿ ಕೊಟ್ಟರೆ ನೂರು ಮೀಟರ್ ಆಚೆ ಈಚೆ ಆಗಬಹುದು. ನೂರು ಮೀಟರ್ ಅಂದರೆ ಕೆಲವು ಕಡೆ ಹಳಿಯ ಈ ಪಕ್ಕವೋ ಆ ಪಕ್ಕವೋ ಅನ್ನುವ ಪ್ರಶ್ನೆ. ಫೋನಿನಲ್ಲಿ ಹೇಳುವುದಾದರೆ ಗೂಗಲ್ ಮ್ಯಾಪ್ಸ್‌ನ ಪ್ಲಸ್ ಕೋಡ್ ಸುಲಭ. ಹತ್ತು ಅಕ್ಷರದ ಪೂರ್ತಿ ಕೋಡು ಸುಮಾರು 14 ಮೀಟರ್ ಉದ್ದಗಲದ ಒಂದು ಚೌಕವನ್ನು ತೋರಿಸುತ್ತದೆ. ಚಿಕ್ಕ ಕೋಡ್ ಕೊಟ್ಟರೆ ಊರ ಹೆಸರೂ ಜೊತೆಗೆ ಹೇಳಬೇಕು, ಇಲ್ಲದಿದ್ದರೆ ಬೇರೆಲ್ಲೋ ತೋರಿಸುತ್ತದೆ.

ಹೊಸ ಸ್ಟೇರಿಂಗ್:
ಅಕ್ಕ, ಇದು ತುಂಬಾ ಉಪಯೋಗ ಆಯಿತು. ಆದರೆ ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಿನ್ ತಪ್ಪಿದ್ದರೆ ಬೈಸಿಕೊಳ್ಳುವವರು ನಾವು. ಇದನ್ನೆಲ್ಲ ನೋಡಿಕೊಳ್ಳಬೇಕಾದವರು ಆಫೀಸಿನವರೇ ಅಲ್ವಾ?

ಟ್ರಾನ್ಸ್‌ಪೋರ್ಟ್ ಆಫೀಸಿನಿಂದ:
ಬೇಜಾರು ಯಾಕೆ, ನಿಮ್ಮ ಮಾತು ನ್ಯಾಯವಾದದ್ದೇ. ಸರಿಯಾದ ಪಿನ್, ಗೇಟಿನವರ ನಂಬರ್, ಲಾರಿ ಒಳಗೆ ಬಿಡುವ ಸಮಯ, ಈ ಮೂರನ್ನು ಕೊಡದೆ ಗಾಡಿ ಹೊರಡಿಸುವುದು ಆಫೀಸಿನ ತಪ್ಪು. ಇದರಲ್ಲಿ ಎರಡು ಮಾತಿಲ್ಲ. ನಾವು ಪ್ರತಿ ಗೋಡೌನಿಗೂ ಒಂದು ಹಾಳೆ ಇಟ್ಟಿದ್ದೇವೆ. ಗೇಟಿನ ಪಿನ್, ಗೇಟಿನ ಫೋಟೋ, ಯಾವ ಕಡೆಯಿಂದ ಬಂದರೆ ತಿರುಗಿಸುವುದು ಸುಲಭ, ಕಾಯಲು ಎಲ್ಲಿ ನಿಲ್ಲಿಸಬಹುದು ಅಂತ ಅದರಲ್ಲಿ ಬರೆದಿರುತ್ತೇವೆ. ಅದನ್ನು ತುಂಬಿಸಿದ್ದು ಹೋಗಿ ಬಂದ ಡ್ರೈವರ್‌ಗಳೇ. ನೀವು ಅನ್‌ಲೋಡ್ ಆದಮೇಲೆ ಗೇಟಿನಲ್ಲಿ ನಿಂತು ಒಂದು ಪಿನ್, ಎರಡು ಫೋಟೋ ಕಳಿಸಿದರೆ ಮುಂದಿನವರಿಗೆ ಇಡೀ ರಾತ್ರಿಯ ತೊಂದರೆ ತಪ್ಪುತ್ತದೆ. ಆಫೀಸಿನಲ್ಲಿ ಇಂಥದ್ದು ಇಲ್ಲದಿದ್ದರೆ ನೀವೇ ಡ್ರೈವರ್‌ಗಳೆಲ್ಲ ಸೇರಿ ಶುರು ಮಾಡಿ.

ಹೊಸ ಸ್ಟೇರಿಂಗ್:
ಸರಿ ಅಕ್ಕ. ಸಮಯದ ಬಗ್ಗೆಯೂ ಹೇಳಿ. ಮ್ಯಾಪ್ ಎಂಟು ಗಂಟೆ ತೋರಿಸಿದರೆ ನಾನು ಎಷ್ಟು ಅಂತ ಹೇಳಬೇಕು?

ದೂರದಾರಿ:
ಆ ಎಂಟು ಗಂಟೆಯನ್ನು ಮರೆತುಬಿಡು. ಕಿಲೋಮೀಟರ್ ಮಾತ್ರ ತಗೋ. 480 ಕಿ.ಮೀ. ಅಂದುಕೋ. ಲೋಡ್ ಗಾಡಿ, ಏರು ತಿರುವು ಇರುವ ದಾರಿ, ಸರಾಸರಿ 40 ಹಿಡಿ. 12 ಗಂಟೆ ಬರೀ ಚಕ್ರ ತಿರುಗುವುದಕ್ಕೇ ಬೇಕು. ಅದರ ಮೇಲೆ ವಿಶ್ರಾಂತಿ, ಡೀಸೆಲ್, ಹಗ್ಗ ಟೈರು ನೋಡುವುದು. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು, ದಿನಕ್ಕೆ 9 ಗಂಟೆ ಮಿತಿ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ. ಅಮೆರಿಕದಲ್ಲಿ ಸರಕು ಲಾರಿಯವರಿಗೆ 10 ಗಂಟೆ ಬಿಡುವಿನ ನಂತರ 11 ಗಂಟೆ ಓಡಿಸಬಹುದು, 8 ಗಂಟೆ ಓಡಿಸಿದರೆ ಅರ್ಧ ಗಂಟೆ ಬಿಡುವು. ಅಂದರೆ ಮ್ಯಾಪ್ ಎಂಟು ಗಂಟೆ ತೋರಿಸಿದ ಈ ದಾರಿ ಇವೆರಡು ಕಡೆಯೂ ಒಂದು ದಿನಕ್ಕೆ ಮುಗಿಯುವುದಿಲ್ಲ. ನೀನು ಓಡಿಸುವ ಕಡೆ ಯಾವ ನಿಯಮ ಇದೆಯೋ ಅದನ್ನು ಹಿಡಿದು ಲೆಕ್ಕ ಹಾಕು, ಮತ್ತೆ ಆ ಲೆಕ್ಕವನ್ನು ಹೊರಡುವ ಮುಂಚೆಯೇ ಆಫೀಸಿಗೆ ಹೇಳು. ದಾರಿ ನಡುವೆ ಹೇಳಿದರೆ ನೆಪ ಅನ್ನುತ್ತಾರೆ.

ಎಲ್ಲಿ ಮಲಗುತ್ತೀಯ ಅನ್ನುವುದೂ ದಾರಿಯ ಲೆಕ್ಕದೊಳಗೇ ಬರಬೇಕು. ಕತ್ತಲಾದ ಮೇಲೆ ಜಾಗ ಹುಡುಕುತ್ತಾ ಹೋದರೆ ಸಿಗುವುದಿಲ್ಲ, ಸಿಕ್ಕಿದ ಕಡೆ ನಿಲ್ಲಿಸಿದರೆ ನಿದ್ದೆ ಬರುವುದಿಲ್ಲ. ಒಂದು ಜಾಗ ಗುರುತು ಮಾಡಿಕೋ, ಅದು ತುಂಬಿದ್ದರೆ ಅದಕ್ಕಿಂತ ಮುಂಚೆ ಒಂದು, ಆಮೇಲೆ ಒಂದು.

ಕಂಟೇನರ್ ಗಾಡಿ:
ಪ್ರವೇಶದ ಸಮಯ ಮರೆತಿರಿ. ಎಷ್ಟೋ ನಗರಗಳಲ್ಲಿ ಭಾರಿ ಗಾಡಿಗೆ ಹಗಲು ಪ್ರವೇಶ ಇಲ್ಲ. ಜರ್ಮನಿಯಲ್ಲಿ 7.5 ಟನ್‌ಗಿಂತ ಹೆಚ್ಚಿನ ಲಾರಿಗಳು ಭಾನುವಾರ ರಾತ್ರಿ 10ರವರೆಗೆ ರಸ್ತೆಗಿಳಿಯುವ ಹಾಗಿಲ್ಲ, ಕೆಲವು ಸರಕಿಗೆ ಮಾತ್ರ ವಿನಾಯಿತಿ. ನಗರದ ಅಂಚಿಗೆ ಬೆಳಗ್ಗೆ ಏಳಕ್ಕೆ ಮುಟ್ಟಿ ರಾತ್ರಿವರೆಗೆ ಕಾಯುವ ಬದಲು ಹೊರಡುವ ಹೊತ್ತನ್ನೇ ಬದಲಾಯಿಸುವುದು ಒಳ್ಳೆಯದು.

ಹಿಂದಿನ ಚಕ್ರ:
ಘಾಟಿ ಬಗ್ಗೆ ಒಂದು ಮಾತು. ಎರಡು ದಾರಿ ಇದ್ದು ಒಂದು 30 ಕಿ.ಮೀ. ಕಡಿಮೆ ಅಂತ ಮ್ಯಾಪ್ ತೋರಿಸಿದರೆ ಯಾಕೆ ಕಡಿಮೆ ಅಂತ ಕೇಳಿಕೊಳ್ಳಿ. ಬೆಟ್ಟ ಬಳಸದೆ ಬೆಟ್ಟದ ಮೇಲೇ ಹತ್ತಿಸುತ್ತಿರಬಹುದು. ನಕ್ಷೆಯಲ್ಲಿ ಗೆರೆ ಹಾವಿನ ಹಾಗೆ ಸುತ್ತಿಕೊಂಡಿದ್ದರೆ ಅದು ಹೇರ್‌ಪಿನ್ ತಿರುವು. ಕಾರು ಒಂದೇ ಸಲಕ್ಕೆ ತಿರುಗುವ ಕಡೆ ಟ್ರೇಲರಿನ ಹಿಂದಿನ ಚಕ್ರ ಒಳಗಡೆ ಕೊಯ್ದುಕೊಂಡು ಬಂದು ಚರಂಡಿಗೆ ಇಳಿಯುತ್ತದೆ. ಇಳಿಜಾರು ಶೇಕಡಾ 8 ಅಂತ ಬೋರ್ಡ್ ಇದ್ದರೆ 100 ಮೀಟರಿಗೆ 8 ಮೀಟರ್ ಇಳಿಯುತ್ತಿದ್ದೀರಿ. ಉದ್ದ ಇಳಿಜಾರಿನಲ್ಲಿ ಬರೀ ಬ್ರೇಕ್ ಮೇಲೆ ನಿಂತರೆ ಡ್ರಮ್ ಕಾದು ಹಿಡಿತ ಹೋಗುತ್ತದೆ. ಮೇಲೆಯೇ ನಿಲ್ಲಿಸಿ, ಬ್ರೇಕ್ ನೋಡಿ, ಇಳಿಯಲು ಶುರುಮಾಡುವ ಮುಂಚೆಯೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ ಬ್ರೇಕಿನಲ್ಲೇ ಇಳಿಯಿರಿ. ಅರ್ಧ ದಾರಿಯಲ್ಲಿ ಗೇರ್ ಇಳಿಸಲು ಹೋಗಬೇಡಿ, ಗೇರ್ ಕೂರದೆ ನ್ಯೂಟ್ರಲ್ ಆದರೆ ಗಾಡಿ ಕೈಗೆ ಸಿಗುವುದಿಲ್ಲ. ದಾರಿ ಆರಿಸುವಾಗಲೇ ಇದನ್ನು ಯೋಚಿಸಿದರೆ 30 ಕಿ.ಮೀ. ಸುತ್ತು ಜಾಸ್ತಿ ಅನಿಸುವುದಿಲ್ಲ.

ನಕ್ಷೆಪ್ರಿಯ:
ಗೂಗಲ್ ಮ್ಯಾಪ್ಸ್ ಬಳಸುವವರು ಈ ಕೆಲವು ಸೆಟ್ಟಿಂಗ್ ನೋಡಿಕೊಳ್ಳಿ. ‘ಟೋಲ್ ತಪ್ಪಿಸಿ’ ಆನ್ ಆಗಿ ಉಳಿದಿದ್ದರೆ ಒಳ್ಳೆ ಹೆದ್ದಾರಿ ಬಿಟ್ಟು ಹಳ್ಳಿ ದಾರಿಗೆ ಹಾಕುತ್ತದೆ. ಹೋಗುತ್ತಾ ಇರುವಾಗ ಟ್ರಾಫಿಕ್ ಇದೆ ಅಂತ ದಾರಿ ಬದಲಾಯಿಸಿಬಿಡುತ್ತದೆ, ನೀವು ಗಮನಿಸದೆ ತಿರುಗಿಸಿಬಿಡುತ್ತೀರಿ. ಅದಕ್ಕೆ ನಿಮಗೆ ಬೇಕಾದ ಹೆದ್ದಾರಿ ಮೇಲೆ ನಡುನಡುವೆ ಸ್ಟಾಪ್ ಸೇರಿಸಿ, ಆಗ ಅದು ಆ ದಾರಿ ಬಿಡುವುದಿಲ್ಲ. ಸ್ಟಾಪ್ ಪಿನ್ ನೀವು ಹೋಗುವ ಕಡೆಯ ರಸ್ತೆ ಮೇಲೇ ಇರಲಿ. ಎದುರು ಕಡೆಯ ರಸ್ತೆ ಮೇಲೋ ಸರ್ವಿಸ್ ರಸ್ತೆ ಮೇಲೋ ಬಿದ್ದರೆ ಯೂಟರ್ನ್ ಮಾಡಿ ಅಂತ ಶುರು ಮಾಡುತ್ತದೆ.

ಫ್ಲೈಓವರ್ ಇರುವ ಕಡೆ ಮೇಲೆ ಹೋಗುತ್ತಿದ್ದೀರೋ ಕೆಳಗೋ ಅಂತ ಜಿಪಿಎಸ್‌ಗೆ ಎಷ್ಟೋ ಸಲ ತಿಳಿಯುವುದಿಲ್ಲ. ಅಲ್ಲಿ ಧ್ವನಿ ನಂಬಬೇಡಿ, ಬೋರ್ಡ್ ನೋಡಿ. ಬೆಟ್ಟದ ಕಡೆ ನೆಟ್‌ವರ್ಕ್ ಹೋಗುತ್ತದೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆಗೆ ಬೇಕು, ಆದ್ದರಿಂದ ಆ ಪ್ರದೇಶದ ನಕ್ಷೆ ಮೊದಲೇ ಇಳಿಸಿಕೊಂಡಿರಿ. ಆಫ್‌ಲೈನ್‌ನಲ್ಲಿ ಟ್ರಾಫಿಕ್, ಬೇರೆ ದಾರಿಗಳ ಆಯ್ಕೆ ಬರುವುದಿಲ್ಲ.

ಕಂಟೇನರ್ ಗಾಡಿ:
ನಾನು ಇವತ್ತಿಗೂ ಒಂದು ಚೀಟಿ ಬರೆಯುತ್ತೇನೆ. ದೊಡ್ಡ ಅಕ್ಷರದಲ್ಲಿ, ಸ್ಟೇರಿಂಗ್ ಪಕ್ಕ ಕಾಣುವ ಹಾಗೆ. ಟ್ರಿಪ್ ಮೀಟರ್ ಸೊನ್ನೆ ಮಾಡಿ ಹೊರಡುತ್ತೇನೆ. ಚೀಟಿ ಹೀಗಿರುತ್ತದೆ:

212 – ಫ್ಲೈಓವರ್ ಹತ್ತಬೇಡ, ಎಡಕ್ಕೆ ಸರ್ವಿಸ್ ರಸ್ತೆ
213 – ಸಿಗ್ನಲ್‌ನಲ್ಲಿ ಬಲಕ್ಕೆ, ಅಗಲ ತಗೋ
219 – ರೈಲ್ವೆ ಸೇತುವೆ, 4.8
221 – ಬಂಕ್, ತಿರುಗಿಸಲು ಕೊನೆ ಜಾಗ
223 – ಗೇಟು ಎಡಕ್ಕೆ, ದಾಟಿ ಹೋಗಿ ರಿವರ್ಸ್

ತಿರುಗಿಸಲು ಕೊನೆ ಜಾಗ ಅನ್ನುವ ಸಾಲು ಮಾತ್ರ ಯಾವ ಚೀಟಿಯಲ್ಲೂ ಬಿಡಬೇಡಿ. ಅಲ್ಲಿಗೆ ಬಂದಾಗ ಮನಸ್ಸಿಗೆ ಸಂಶಯ ಇದ್ದರೆ ಅಲ್ಲೇ ನಿಲ್ಲಿಸಿ, ಇಳಿದು ನಡೆದು ಹೋಗಿ ನೋಡಿ ಬನ್ನಿ. ಕ್ಲೀನರ್ ಇದ್ದರೆ ಅವನನ್ನು ಮುಂದೆ ಕಳಿಸಿ. ಎರಡು ಕಿಲೋಮೀಟರ್ ನಡೆಯುವುದು ಎರಡು ಕಿಲೋಮೀಟರ್ ರಿವರ್ಸ್ ಬರುವುದಕ್ಕಿಂತ ಎಷ್ಟೋ ವಾಸಿ.

ರಾತ್ರಿ ಸವಾರಿ:
ಬೋರ್ಡಿನ ವಿಷಯ ಹೊಸಬರಿಗೆ ಹೇಳಿಬಿಡಿ. ಕೆಂಪು ವೃತ್ತದೊಳಗೆ ಅಂಕಿಯ ಮೇಲೆ ಕೆಳಗೆ ತ್ರಿಕೋನ ಇದ್ದರೆ ಎತ್ತರದ ಮಿತಿ. ಎಡಕ್ಕೆ ಬಲಕ್ಕೆ ತ್ರಿಕೋನ ಇದ್ದರೆ ಅಗಲದ ಮಿತಿ. ಬರೀ ಟನ್ ಬರೆದಿದ್ದರೆ ಗಾಡಿಯ ಒಟ್ಟು ತೂಕ, ಎಕ್ಸೆಲ್ ಚಿತ್ರ ಇದ್ದರೆ ಒಂದು ಎಕ್ಸೆಲ್ ಮೇಲಿನ ತೂಕ. ಈ ಎರಡನ್ನು ಕಲಸಿಕೊಳ್ಳುವವರು ಬಹಳ. ಬೋರ್ಡ್ ಒಂದು ಹೇಳಿ ಆ್ಯಪ್ ಇನ್ನೊಂದು ಹೇಳಿದರೆ ಬೋರ್ಡೇ ಸರಿ.

ಹೊಸ ಸ್ಟೇರಿಂಗ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಳೆಯ ಲೋಡಿಗೆ ಈಗಲೇ ಕೂತು ನೋಡಿದೆ. ಪಿನ್ ಕಟ್ಟಡದ ಹಿಂಭಾಗಕ್ಕೆ ಬಿದ್ದಿದೆ, ಮ್ಯಾಪ್ ಹಿಂದಿನ ಓಣಿಗೆ ಕಳಿಸುತ್ತಿದೆ, ಸ್ಯಾಟಲೈಟ್‌ನಲ್ಲಿ ಗೇಟು ಇನ್ನೊಂದು ಕಡೆ ಕಾಣುತ್ತಿದೆ. ಗೇಟಿನವರ ನಂಬರ್ ಕೇಳಿದ್ದೇನೆ. ಇನ್ನೊಂದೇ ಪ್ರಶ್ನೆ. ಇಷ್ಟೆಲ್ಲ ಮಾಡಿಯೂ ತಪ್ಪು ರಸ್ತೆಗೆ ಸಿಕ್ಕಿಕೊಂಡರೆ ಏನು ಮಾಡಬೇಕು?

ದೂರದಾರಿ:
ನಿಲ್ಲಿಸು. ಮುಂದೆ ಅಗಲ ಆದೀತು ಅಂತ ಹೋಗುತ್ತಾ ಇರಬೇಡ. ಹಜಾರ್ಡ್ ಲೈಟ್ ಹಾಕು, ಹ್ಯಾಂಡ್ ಬ್ರೇಕ್ ಎಳೆ, ಇಳಿದು ಗಾಡಿ ಸುತ್ತ ಒಂದು ಸುತ್ತು ಬಾ, ಮೇಲೆ ತಂತಿ ಇದೆಯಾ ನೋಡು. ಹಿಂದಿನಿಂದ ಬರುವ ಗಾಡಿಗಳನ್ನು ತಡೆಯಲು ಒಬ್ಬರನ್ನು ನಿಲ್ಲಿಸು. ಯಾರೂ ಸಿಗದಿದ್ದರೆ ಪೊಲೀಸರಿಗೆ ಫೋನ್ ಮಾಡು, ಅದರಲ್ಲಿ ಸಂಕೋಚ ಬೇಡ. ರೈಲ್ವೆ ಹಳಿ ಮೇಲೆ ಸಿಕ್ಕಿಕೊಂಡರೆ ಮಾತ್ರ ಗಾಡಿ ಬಿಟ್ಟು ಮೊದಲು ದೂರ ಓಡು, ಆಮೇಲೆ ಫೋನ್. ರಿವರ್ಸ್ ಬರುವಾಗ ಹಿಂದೆ ನಿಂತವರು ಕನ್ನಡಿಯಲ್ಲಿ ಕಾಣುತ್ತಾ ಇರಬೇಕು, ಕಾಣದಿದ್ದ ಕ್ಷಣ ಬ್ರೇಕ್. ಹಿಂದೆ ಹಾರನ್ ಹೊಡೆಯುವವರು ಹೊಡೆಯಲಿ ಬಿಡು, ಅವಸರ ಮಾಡಬೇಡ.

ಟ್ರಾನ್ಸ್‌ಪೋರ್ಟ್ ಆಫೀಸಿನಿಂದ:
ಆ ಓಣಿಯ ಫೋಟೋ, ಸರಿಯಾದ ಗೇಟಿನ ಪಿನ್ ಎರಡನ್ನೂ ನಾಳೆ ನಿಮ್ಮ ಆಫೀಸಿಗೆ ಕಳಿಸಿ. ‘ಈ ಪಿನ್ ಬಳಸಬೇಡಿ’ ಅಂತ ಹಳೆಯದರ ಪಕ್ಕ ಬರೆಯಲು ಹೇಳಿ. ಹೊಸದನ್ನು ಕೊಟ್ಟರೂ ಹಳೆಯದು ಯಾರದೋ ಮೊಬೈಲಿನಲ್ಲಿ ಉಳಿದಿರುತ್ತದೆ, ಅದನ್ನೇ ಮುಂದೆ ಕಳಿಸುತ್ತಾ ಹೋಗುತ್ತಾರೆ.